ಗುಂಟೆಗೆ ಐದು ಲೀಟರ್: ಭತ್ತಕ್ಕೆ ಜಿಂಕ್ ಹೊಡೆದ ಲೆಕ್ಕ

ಜಾಗ ಕಾರಟಗಿ ಹತ್ತಿರ, ತುಂಗಭದ್ರಾ ಎಡದಂಡೆ ನಾಲೆಯ ಕೆಳಗೆ. ಎರಡು ಎಕರೆ ಕಪ್ಪು ನೆಲ. ತಳಿ ಬಿಪಿಟಿ 5204, ಅಂದರೆ ನಮ್ಮ ಕಡೆ ಎಲ್ಲರೂ ಸೋನಾ ಮಸೂರಿ ಅನ್ನುವುದು. ನಾಟಿಯಾಗಿ ಮೂರನೇ ವಾರ. ಬದುವಿನ ಮೇಲೆ ನಿಂತು ನೋಡಿದರೆ ಗದ್ದೆ ಒಂದೇ ಸಮ ಇರಲಿಲ್ಲ. ಎತ್ತರದ ಕಡೆ ಹಸಿರು, ತೆಂಡೆ, ಅಂದರೆ ಬುಡದಿಂದ ಹೊಸ ಕವಲು, ಒಡೆಯುತ್ತಿತ್ತು. ನೀರು ನಿಲ್ಲುವ ತಗ್ಗಿನಲ್ಲಿ, ಮತ್ತೆ ಹೋದ ಬೇಸಿಗೆಯಲ್ಲಿ ಲೆವೆಲ್ ಮಾಡಿಸಲು ಮಣ್ಣು ಕೆರೆದ ಮೂಲೆಯಲ್ಲಿ ಸಸಿ ಗಿಡ್ಡ. ಎಲೆಗಳು ನೀರಿನ ಮೇಲೆ ಸೋತು ಮಲಗಿದ್ದವು.

ಇಂಥ ಗದ್ದೆ ಕಂಡರೆ ಮೊದಲು ಬರುವ ಸಲಹೆ "ಒಂದು ಚೀಲ ಯೂರಿಯಾ ಎಸೆದುಬಿಡು" ಅನ್ನುವುದು. ಎಸೆಯುವ ಮುಂಚೆ ಒಂದು ಬುಡ ಕಿತ್ತು ಎಲೆ ನೋಡಬೇಕು. ಸಾರಜನಕ ಕಮ್ಮಿಯಾದರೆ ಹಳೆ ಎಲೆ ತುದಿಯಿಂದ ಬುಡದವರೆಗೆ ಸಮವಾಗಿ ಹಳದಿಯಾಗುತ್ತದೆ, ಚುಕ್ಕೆ ಇರುವುದಿಲ್ಲ. ಪೊಟ್ಯಾಷ್ ಕಮ್ಮಿಯಾದರೆ ಹಳೆ ಎಲೆಯ ತುದಿ ಮತ್ತು ಅಂಚು ಕಂದಾಗಿ ಒಣಗುತ್ತವೆ. ಕಬ್ಬಿಣ ಕಮ್ಮಿಯಾದರೆ ಹೊಸ ಎಲೆಯೇ ಬಿಳಿಚಿಕೊಳ್ಳುತ್ತದೆ. ಅದು ಹೆಚ್ಚಾಗಿ ಒಣ ಸಸಿ ಮಡಿಯ ಕಾಟ, ನೀರು ನಿಂತ ಗದ್ದೆಯಲ್ಲಿ ಅಪರೂಪ. ದುಂಡಾಣು ಅಂಗಮಾರಿ ರೋಗವಾದರೆ ಎಲೆಯ ಅಂಚಿನಲ್ಲಿ ಅಲೆ ಅಲೆಯಾಗಿ ಒಣಗುತ್ತಾ ಬರುತ್ತದೆ.

ನನ್ನ ಕೈಯಲ್ಲಿದ್ದ ಬುಡ ಬೇರೆ ಥರ ಇತ್ತು. ಎಳೆ ಎಲೆಯ ಬುಡದಲ್ಲಿ ನಡುನರ ಮಾತ್ರ ಬಿಳಿಚಿಕೊಂಡಿತ್ತು, ಪಕ್ಕದ ಭಾಗ ಇನ್ನೂ ಹಸಿರು. ಅದರ ಕೆಳಗಿನ ಎಲೆಗಳ ಮೇಲೆ ಸಾಸಿವೆಗಿಂತ ಸಣ್ಣ ತುಕ್ಕು ಬಣ್ಣದ ಚುಕ್ಕೆಗಳು. ಕೆಲವು ಕಡೆ ಒಂದಕ್ಕೊಂದು ಸೇರಿ ಎಲೆಯೇ ಕಂದಾಗಿತ್ತು. ಎಲೆ ಬೆರಳಿಗೆ ಸುತ್ತಿದರೆ ಬಿಗಿಯೇ ಇಲ್ಲ. ಇದು ಸತುವಿನ, ಅಂದರೆ ಜಿಂಕ್‌ನ, ಕೊರತೆ. ಭತ್ತದಲ್ಲಿ ಇದನ್ನು 1966ರಲ್ಲಿ ಪಂತನಗರದ ಕೃಷಿ ವಿಶ್ವವಿದ್ಯಾಲಯದಲ್ಲಿ ಸಸ್ಯರೋಗ ವಿಜ್ಞಾನಿ ವೈ.ಎಲ್. ನೆನೆ ಗುರುತಿಸಿದರು. ಅಲ್ಲಿಯವರೆಗೆ ಹಿಮಾಲಯದ ಬುಡದ ತರಾಯಿ ಪ್ರದೇಶದ ರೈತರು ಖೈರಾ ಎನ್ನುತ್ತಿದ್ದ ಈ ಕಾಟಕ್ಕೆ ಕಾರಣ ಗೊತ್ತಿರಲಿಲ್ಲ.

ನಮ್ಮ ನೆಲದಲ್ಲಿ ಇದು ಬರುವುದು ಸಹಜ. ಸುಣ್ಣದ ಅಂಶ ಇರುವ ಕಪ್ಪು ಮಣ್ಣು, ರಸಸಾರ (ಪಿಎಚ್) 8ರ ಮೇಲೆ. ವರ್ಷಕ್ಕೆ ಎರಡು ಬೆಳೆ ಭತ್ತವೇ. ಮಣ್ಣು ಒಣಗಿ ಬಿರಿಯುವುದಕ್ಕೆ ಬಿಡುವೇ ಇಲ್ಲ. ಅದರ ಮೇಲೆ ಪ್ರತಿ ಸಲ ರಂಜಕದ ಗೊಬ್ಬರ ಡಿಎಪಿ. ನೀರು ನಿಂತಷ್ಟೂ, ರಂಜಕ ಜಾಸ್ತಿಯಾದಷ್ಟೂ ಸತು ಬೇರಿಗೆ ಸಿಗುವುದು ಕಮ್ಮಿ. ಮೇಲ್ಮಣ್ಣು ಕೆರೆದ ಜಾಗದಲ್ಲಿ ಸಾವಯವ ಅಂಶವೂ ಹೋಗಿರುತ್ತದೆ. ಅದಕ್ಕೇ ಆ ಮೂಲೆ ಮೊದಲು ಸೋತಿತು. ಮಣ್ಣಿನಲ್ಲಿ ಸತು ಇದ್ದರೂ ಬಾಯಿಗೆ ಸಿಗದ ಸ್ಥಿತಿ. ಹಾಗಾಗಿ ಎಲೆ ಮೂಲಕ ಕೊಡುವ ತೀರ್ಮಾನ.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು, ಯಾಕಂದ್ರೆ ಎಲೆ ಮೇಲೆ ಯಾವುದನ್ನು ಕೊಡಬಹುದು, ಯಾವುದನ್ನು ಕೊಡಲಾಗದು ಎನ್ನುವುದು ಇದರಲ್ಲೇ ಇದೆ. ಒಂದು ಟನ್ ಭತ್ತ ಬೆಳೆಯಲು ಬೆಳೆ ಹೀರುವ ಸತು ಸುಮಾರು 50 ಗ್ರಾಂ. ಎಕರೆಗೆ ಮೂರು ಟನ್ ಅಂದುಕೊಂಡರೆ 150 ಗ್ರಾಂ. ಸಿಂಪಡಿಸುವ ಜಿಂಕ್ ಉಪ್ಪು, ಅಂದರೆ ಜಿಂಕ್ ಸಲ್ಫೇಟ್ ಹೆಪ್ಟಾಹೈಡ್ರೇಟ್‌ನಲ್ಲಿ ಸತು 21%. ಅಂದರೆ ಎಕರೆಗೆ ಒಂದು ಕೆಜಿ ಸಿಂಪಡಿಸಿದರೆ 210 ಗ್ರಾಂ ಸತು ಹೋಯಿತು. ಎಲ್ಲವೂ ಒಳಗೆ ಹೋಗುವುದಿಲ್ಲ ನಿಜ. ಆದರೂ ಬೆಳೆಗೆ ಬೇಕಾದ ಅಳತೆಗೆ ಇದು ಹತ್ತಿರ. ಈಗ ಸಾರಜನಕ ನೋಡಿ. ಅದೇ ಮೂರು ಟನ್‌ಗೆ 45ರಿಂದ 60 ಕೆಜಿ ಬೇಕು. 2% ಯೂರಿಯಾ ದ್ರಾವಣವನ್ನು ಎಕರೆಗೆ 200 ಲೀಟರ್ ಹೊಡೆದರೆ 4 ಕೆಜಿ ಯೂರಿಯಾ, ಅದರಲ್ಲಿ ಸಾರಜನಕ 1.84 ಕೆಜಿ. ಅಂದರೆ ಸತುವನ್ನು ಎಲೆಯಿಂದ ತುಂಬಿಕೊಡಬಹುದು. ಸಾರಜನಕವನ್ನು ಬೇರಿನಿಂದಲೇ ಕೊಡಬೇಕು.

ಮೊದಲ ಕೆಲಸ ನೀರು ಹೊರಗೆ ಬಿಡುವುದು. ತಗ್ಗಿನ ಕಡೆ ಬದು ಒಡೆದು ನೀರು ಹರಿಸಿ, ಮಣ್ಣು ಮೇಲೆ ಕಾಣುವ ಹಾಗೆ ಮಾಡಿದೆ. ಇದನ್ನು ಬಿಟ್ಟು ಬರೀ ಸಿಂಪಡಿಸಿದರೆ ಅರ್ಧ ಕೆಲಸ.

ಪಂಪು ಮತ್ತು ಕೋಲು

ಬ್ಯಾಟರಿ ಪಂಪು 16 ಲೀಟರ್‌ದು, 12 ವೋಲ್ಟ್. ಹೊಡೆಯುವಾಗ ತುಂತುರು ಬಂದು ಬಂದು ನಿಲ್ಲುತ್ತಿತ್ತು. ಮೀಟರ್ ಹಿಡಿದು ನೋಡಿದರೆ ಬ್ಯಾಟರಿ ಚಾರ್ಜ್ ಆಗಿ ಸುಮ್ನೆ ಇಟ್ಟಾಗ 12.7 ವೋಲ್ಟ್, ಪಂಪು ಓಡುವಾಗಲೂ ಜಾಸ್ತಿ ಇಳಿಯಲಿಲ್ಲ. ಹಾಗಾದರೆ ಬ್ಯಾಟರಿ ಚೆನ್ನಾಗಿದೆ. ಟರ್ಮಿನಲ್ ಮೇಲೆ ಹಸಿರು ಕಿಲುಬು ಇತ್ತು, ಮರಳು ಕಾಗದದಲ್ಲಿ ಉಜ್ಜಿ ಬಿಗಿ ಮಾಡಿದೆ. ನಿಜವಾದ ತೊಂದರೆ ಇದ್ದದ್ದು ಟ್ಯಾಂಕಿನ ತಳದ ಜಾಲರಿಯಲ್ಲಿ. ಸುಣ್ಣದಂಥ ಬಿಳಿ ಪದರ ಕಟ್ಟಿ, ಅರ್ಧ ತೂತು ಮುಚ್ಚಿತ್ತು. ಅದನ್ನು ವಿನೆಗರ್‌ನಲ್ಲಿ ನೆನೆಸಿ ಹಳೆ ಟೂತ್‌ಬ್ರಷ್‌ನಲ್ಲಿ ತಿಕ್ಕಿದೆ. ಪಂಪಿಗೆ ಹೋಗುವ ಪೈಪಿನ ಕ್ಲಿಪ್ ಸಡಿಲ ಇತ್ತು, ಅಲ್ಲಿಂದ ಗಾಳಿ ಎಳೆಯುತ್ತಿತ್ತು. ಹೊಸ ಕ್ಲಿಪ್ ಹಾಕಿದ ಮೇಲೆ ಮಿಡಿತ ನಿಂತಿತು.

ಆಮೇಲೆ ನಾಝಲ್. ಹಳೆ ಹಿತ್ತಾಳೆ ನಾಝಲ್‌ನಿಂದ ಒಂದು ನಿಮಿಷಕ್ಕೆ ಬಂದ ನೀರು 900 ಮಿಲಿ. ಅದೇ ಅಳತೆಯ ಹೊಸದು ಹಾಕಿದರೆ 700. ಹೊಸದಕ್ಕಿಂತ 10% ಜಾಸ್ತಿ ಬಂತೆಂದರೆ ನಾಝಲ್ ಬದಲಿಸಬೇಕು ಅನ್ನುವುದು ನಿಯಮ. ಇದು ಅದನ್ನು ಎಂದೋ ದಾಟಿದೆ. ತೂತು ಸವೆದರೆ ಹನಿ ದಪ್ಪ ಆಗುತ್ತದೆ. ಭತ್ತದ ಎಲೆಗೆ ದಪ್ಪ ಹನಿ ಆಗಿ ಬರುವುದಿಲ್ಲ. ಎಲೆ ಮೇಲೆ ಮೇಣ ಮತ್ತು ಸಿಲಿಕಾದ ಸಣ್ಣ ಸಣ್ಣ ಉಬ್ಬುಗಳಿವೆ. ನೀರು ಗೋಲಿಯಾಗಿ ಉರುಳಿ ಕೆಳಗೆ ಬೀಳುತ್ತದೆ. ಒಂದು ಎಲೆ ಕಿತ್ತು, ಬರೀ ನೀರಿನ ಹನಿ ಬಿಟ್ಟು ಓರೆ ಮಾಡಿ ನೋಡಿದೆ, ಒಂದು ಹನಿಯೂ ನಿಲ್ಲಲಿಲ್ಲ. ಅದೇ ನೀರಿಗೆ ಲೀಟರಿಗೆ ಅರ್ಧ ಮಿಲಿ ಅಂಟು ದ್ರಾವಣ ಬೆರೆಸಿ ಬಿಟ್ಟಾಗ ಹನಿ ಚಪ್ಪಟೆಯಾಗಿ, ಎಲೆಯುದ್ದಕ್ಕೂ ತೆಳ್ಳಗೆ ಹರಡಿ ಕೂತಿತು. ಅಂಟು ಇಲ್ಲದೆ ಭತ್ತಕ್ಕೆ ಗೊಬ್ಬರ ಹೊಡೆಯುವುದು ಅಂದರೆ ಗದ್ದೆ ನೀರಿಗೆ ಹೊಡೆದಂತೆ.

ಒಂದೇ ನಾಝಲ್ ಇರುವ ಕೋಲನ್ನು ಎಡಕ್ಕೂ ಬಲಕ್ಕೂ ಬೀಸುತ್ತಾ ಹೋಗುವುದು ರೂಢಿ. ಬೀಸಿದಾಗ ನಡುವೆ ಕಮ್ಮಿ, ತಿರುಗುವ ತುದಿಯಲ್ಲಿ ಜಾಸ್ತಿ ಬೀಳುತ್ತದೆ. ಕೀಟನಾಶಕಕ್ಕೆ ಅದು ನಡೆದೀತು, ಎಲೆ ಸುಡುವ ಉಪ್ಪಿಗೆ ನಡೆಯದು. ಅದಕ್ಕೆ ಎರಡು ನಾಝಲ್‌ನ ಕೋಲು ಮಾಡಿದೆ. ಒಂದು ಟಿ ಜಾಯಿಂಟ್, ಎರಡು ತುಂಡು ಸ್ಪ್ರೇಯರ್ ಪೈಪು, ಎರಡು ಪ್ಲಾಸ್ಟಿಕ್ ನಾಝಲ್ ಹಿಡಿ, ಎರಡು ಫ್ಲಾಟ್ ಫ್ಯಾನ್ ನಾಝಲ್. ಇವನ್ನು ಬಿದಿರ ಕಡ್ಡಿಗೆ ಅರ್ಧ ಮೀಟರ್ ಅಂತರದಲ್ಲಿ ಕೇಬಲ್ ಟೈನಿಂದ ಬಿಗಿದೆ. ಬೆಳೆಯಿಂದ ಅರ್ಧ ಮೀಟರ್ ಮೇಲೆ ಹಿಡಿದರೆ ಎರಡು ಬೀಸಣಿಗೆಯೂ ಒಂದರ ಮೇಲೊಂದು ಸ್ವಲ್ಪ ಕೂತು, ಒಂದು ಮೀಟರ್ ಪಟ್ಟಿ ಸಮವಾಗಿ ನೆನೆಯುತ್ತದೆ. ಎರಡಕ್ಕೂ ಒಂದೊಂದು ಜಗ್ ಹಿಡಿದು ನಿಮಿಷ ಓಡಿಸಿದೆ. ಒಂದರಲ್ಲಿ 640 ಮಿಲಿ, ಇನ್ನೊಂದರಲ್ಲಿ 660. ಇಷ್ಟು ಹೊಂದಿದರೆ ಸಾಕು.

ಗುಂಟೆಯಲ್ಲಿ ಅಳತೆ

ಅಂಗಡಿಯಲ್ಲಿ ಕೇಳಿದರೆ "ಎಕರೆಗೆ ಒಂದು ಕೆಜಿ" ಅನ್ನುತ್ತಾರೆ. ಎಷ್ಟು ನೀರಿಗೆ ಅಂತ ಹೇಳುವವರು ಕಮ್ಮಿ. ಎಲೆ ಸುಡುವುದು, ಸುಡದಿರುವುದು ನಿಂತಿರುವುದೇ ಅದರ ಮೇಲೆ. ಶಿಫಾರಸು 0.5% ದ್ರಾವಣ, ಅಂದರೆ ಲೀಟರಿಗೆ 5 ಗ್ರಾಂ. ಒಂದು ಕೆಜಿಗೆ 200 ಲೀಟರ್ ನೀರು. ನಮ್ಮ ಕಡೆ ಎಕರೆಗೆ ಆರು ಟ್ಯಾಂಕ್ ಹೊಡೆದು ಮುಗಿಸುತ್ತಾರೆ. ಸುಮಾರು 100 ಲೀಟರ್ ಆಯಿತು. ಒಂದು ಕೆಜಿಯನ್ನು ಅಷ್ಟೇ ನೀರಿಗೆ ಹಾಕಿದರೆ 1%. ಎಳೆ ಎಲೆಯ ತುದಿ ಸುಡುವುದು ಇಲ್ಲೇ. ಆಮೇಲೆ "ಜಿಂಕ್ ಹೊಡೆದು ಬೆಳೆ ಕೆಟ್ಟಿತು" ಅನ್ನುವ ಮಾತು.

ಹಾಗಾಗಿ ಬರೀ ನೀರಿನಲ್ಲಿ ಅಳೆದೆ. 33 ಅಡಿ ಹಗ್ಗ, ನಾಲ್ಕು ಗೂಟ. 33 ಅಡಿ ಚೌಕ ಅಂದರೆ ಒಂದು ಗುಂಟೆ, ನಲವತ್ತು ಗುಂಟೆಗೆ ಎಕರೆ. ಗುಂಟೆಗೆ ಎಷ್ಟು ಲೀಟರ್ ಹೋಯಿತೋ ಅದನ್ನು 40ರಿಂದ ಗುಣಿಸಿದರೆ ಮುಗಿಯಿತು, ಬೇರೆ ಸೂತ್ರವೇ ಬೇಡ. ಆದರೆ ಈ ಅಳತೆಯನ್ನು ಕೆಸರಿನಲ್ಲೇ ಮಾಡಬೇಕು. ಬದುವಿನ ಮೇಲೆ ಅಥವಾ ರಸ್ತೆಯಲ್ಲಿ ನಡೆಯುವ ವೇಗ ಗದ್ದೆಯಲ್ಲಿ ಬರುವುದಿಲ್ಲ, ಕಾಲು ಹೂಳುತ್ತದಲ್ವಾ? ಟ್ಯಾಂಕಿಗೆ ಅಳೆದು ನೀರು ಹಾಕಿ, ಗುಂಟೆಯನ್ನು ಮೀಟರ್ ಅಗಲದ ಹತ್ತು ಸಾಲಾಗಿ ನಡೆದು ಮುಗಿಸಿ, ಉಳಿದ ನೀರನ್ನು ಅಳೆದೆ. ಹಳೆ ಕೋಲನ್ನು ಬೀಸುತ್ತಾ ಹೋದಾಗ ಗುಂಟೆಗೆ ಎರಡೂವರೆ ಲೀಟರ್ ಹೋಗಿತ್ತು. ಹೊಸ ಕೋಲಿನಲ್ಲಿ ಐದು ಲೀಟರ್ ಹೋಯಿತು. ಎಕರೆಗೆ 200 ಲೀಟರ್, ಹನ್ನೆರಡೂವರೆ ಟ್ಯಾಂಕ್. ನೀರು ಹೊರುವ ಕೆಲಸ ದುಪ್ಪಟ್ಟಾಯಿತು, ಅದನ್ನು ಒಪ್ಪಿಕೊಳ್ಳಲೇಬೇಕು. ಬದುವಿನ ಎರಡೂ ತುದಿಗೆ ಡ್ರಮ್ ಇಟ್ಟುಕೊಂಡರೆ ಓಡಾಟ ಕಮ್ಮಿಯಾಗುತ್ತದೆ.

ಬಕೆಟ್ಟಿನಲ್ಲಿ

ಜಿಂಕ್ ಸಲ್ಫೇಟ್ ದ್ರಾವಣ ಹುಳಿ. ಹಾಗೇ ಹೊಡೆದರೆ ಎಲೆ ಸುಡಬಹುದು. ಅದಕ್ಕೆ ಜೊತೆಗೆ ಅರ್ಧದಷ್ಟು, ಅಂದರೆ 0.25% ಸುಣ್ಣ ಬೆರೆಸುವುದು ಹಳೆ ಶಿಫಾರಸು. ಸುಣ್ಣದ ಬದಲು 2% ಯೂರಿಯಾ ಬೆರೆಸಲೂಬಹುದು. ಎರಡನ್ನೂ ಗಾಜಿನ ಬಾಟಲಿಯಲ್ಲಿ ಮಾಡಿ ನೋಡಿದೆ. ಸುಣ್ಣವನ್ನು ರಾತ್ರಿ ನೀರಿನಲ್ಲಿ ಬಿಟ್ಟು, ಬೆಳಗ್ಗೆ ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ, ಜಿಂಕ್ ನೀರಿಗೆ ನಿಧಾನವಾಗಿ ಬಿಟ್ಟರೆ ಬಿಳಿ ಹೊಗೆಯಂತೆ ಎದ್ದಿತು. ಸ್ವಲ್ಪ ಹೊತ್ತಿಗೆ ತಳದಲ್ಲಿ ಗಸಿ ಕೂತಿತು. ಆ ಗಸಿ ಸತುವೇ. ಸುಣ್ಣ ಜಾಸ್ತಿಯಾದಷ್ಟೂ ಸತು ಹೀಗೆ ಕೆಳಗೆ ಕೂರುತ್ತದೆ, ನಾಝಲ್ ಕಟ್ಟುತ್ತದೆ. ಯೂರಿಯಾ ಬೆರೆಸಿದ ಬಾಟಲಿ ತಿಳಿಯಾಗೇ ಉಳಿಯಿತು. ಬೆಳೆ ತೆಂಡೆ ಒಡೆಯುವ ಹಂತದಲ್ಲಿತ್ತು, ಚೂರು ಸಾರಜನಕ ಹೋದರೂ ಒಳ್ಳೆಯದೇ. ನಾನು ಯೂರಿಯಾ ಆರಿಸಿಕೊಂಡೆ. ಬೆಳೆ ಆಗಲೇ ಕಡು ಹಸಿರಾಗಿದ್ದರೆ ಸುಣ್ಣದ ತಿಳಿಯನ್ನೇ ಬಳಸಬೇಕು.

ಮೂರನೇ ಬಾಟಲಿಯಲ್ಲಿ ಜಿಂಕ್ ಸಲ್ಫೇಟ್ ಮತ್ತು 19:19:19, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ ಗೊಬ್ಬರ, ಸೇರಿಸಿ ಇಟ್ಟೆ. ಎರಡನ್ನೂ ಒಂದೇ ಟ್ಯಾಂಕಿಗೆ ಹಾಕಿ ಒಂದೇ ಸಲ ಹೊಡೆಯುವ ಅಭ್ಯಾಸ ಸುತ್ತಮುತ್ತ ಇದೆ. ರಂಜಕ ಮತ್ತು ಸತು ಸೇರಿದರೆ ಸತುವಿನ ಫಾಸ್ಫೇಟ್ ಆಗುತ್ತದೆ, ಅದು ನೀರಿನಲ್ಲಿ ಕರಗುವುದಿಲ್ಲ. ಬಾಟಲಿ ಕಲಕಿ ಇಟ್ಟರೆ ಮಜ್ಜಿಗೆ ಒಡೆದ ಹಾಗೆ ಕಂಡಿತು. ದುಡ್ಡು ಕೊಟ್ಟು ತಂದ ಎರಡೂ ಗೊಬ್ಬರ ತಳಕ್ಕೆ. ಏನನ್ನೇ ಬೆರೆಸುವ ಮುಂಚೆ ಇಂಥ ಒಂದು ಬಾಟಲಿ ಪರೀಕ್ಷೆ ಮಾಡಿ, ಅರ್ಧ ಗಂಟೆ ಕಾದರೆ ಸಾಕು.

16 ಲೀಟರ್ ಟ್ಯಾಂಕಿಗೆ ಜಿಂಕ್ ಸಲ್ಫೇಟ್ 80 ಗ್ರಾಂ, ಯೂರಿಯಾ 320 ಗ್ರಾಂ, ಅಂಟು 8 ಮಿಲಿ. ಚೀಲದ ಮೇಲೆ 21% ಅಂತ ಇದ್ದರೆ ಮಾತ್ರ ಈ 80 ಗ್ರಾಂ. 33% ಇರುವ ಮೊನೋಹೈಡ್ರೇಟ್ ಆದರೆ 50 ಗ್ರಾಂ ಸಾಕು. ಯೂರಿಯಾ ಬಕೆಟ್ಟಿಗೆ ಹಾಕಿ ಕಲಕಿದಾಗ ಬಕೆಟ್ ಹೊರಗಿನಿಂದ ಮುಟ್ಟಿದರೂ ತಣ್ಣಗೆ ಕೊರೆಯುತ್ತದೆ. ಯೂರಿಯಾ ಕರಗುವಾಗ ನೀರಿನ ಬಿಸಿ ಎಳೆದುಕೊಳ್ಳುತ್ತದೆ. ಆ ತಂಪು ನೀರಿನಲ್ಲಿ ಉಳಿದದ್ದು ಬೇಗ ಕರಗದು. ಅದಕ್ಕೆ ಮೊದಲು ಜಿಂಕ್ ಕರಗಿಸಿ, ಯೂರಿಯಾವನ್ನು ಬೇರೆ ಬಕೆಟ್ಟಿನಲ್ಲಿ ಕರಗಿಸಿ, ಎರಡನ್ನೂ ಬಟ್ಟೆಯಲ್ಲಿ ಸೋಸಿ ಟ್ಯಾಂಕಿಗೆ ಹಾಕಿದೆ. ಬೇವು ಲೇಪಿತ ಯೂರಿಯಾ ಆದ್ದರಿಂದ ಬಟ್ಟೆ ಮೇಲೆ ಕಂದು ಜಿಡ್ಡು ಉಳಿಯುತ್ತದೆ. ಸೋಸದಿದ್ದರೆ ಅದೇ ನಾಝಲ್‌ಗೆ ಹೋಗುತ್ತಿತ್ತು.

ಟ್ಯಾಂಕ್ ಬಗ್ಗೆ ಇನ್ನೊಂದು ಮಾತು. ಬದುವಿನ ಕಳೆಗೆ ಗ್ಲೈಫೋಸೇಟ್ ಹೊಡೆದ ಟ್ಯಾಂಕನ್ನು ಇದಕ್ಕೆ ಬಳಸಬೇಡಿ. ಎಷ್ಟು ತೊಳೆದರೂ ಪೈಪಿನ ಒಳಗೆ ಉಳಿದ ಚೂರು ಸಾಕು, ಭತ್ತಕ್ಕೆ ಪೆಟ್ಟು ಬೀಳುತ್ತದೆ. ಗೊಬ್ಬರಕ್ಕೆ ಒಂದು ಟ್ಯಾಂಕ್ ಬೇರೆಯೇ ಇಟ್ಟರೆ ನೆಮ್ಮದಿ.

ಹೊಡೆದದ್ದು ಸಂಜೆ, ನಾಲ್ಕರ ಮೇಲೆ, ಗಾಳಿ ಇಳಿದ ಮೇಲೆ. ಬೆಳಗ್ಗೆ ಹೊಡೆಯುವುದಾದರೆ ಇಬ್ಬನಿ ಆರಿರಬೇಕು. ನಡು ಬಿಸಿಲಿನಲ್ಲಿ ಬೇಡ. ನೀರು ಬೇಗ ಆರಿ ಉಪ್ಪು ಎಲೆ ಮೇಲೆ ಹರಳಾಗಿ ಕೂರುತ್ತದೆ, ಅಲ್ಲಿ ಸುಡುತ್ತದೆ. ಗದ್ದೆಯ ಹಾಳಾದ ಭಾಗದಲ್ಲೇ ಎರಡು ಮೀಟರ್ ಅಗಲದ ಒಂದು ಪಟ್ಟಿಗೆ ಗೂಟ ನೆಟ್ಟು ಏನೂ ಹೊಡೆಯದೆ ಬಿಟ್ಟೆ.

ಆ ಪಟ್ಟಿಯೇ ಈ ಕೆಲಸದಲ್ಲಿ ನನಗೆ ಅತಿ ಮುಖ್ಯ. ವಾರದ ಹೊತ್ತಿಗೆ ಹೊಡೆದ ಕಡೆ ಹೊಸದಾಗಿ ಬಂದ ಎಲೆಯ ಬುಡ ಹಸಿರಾಗಿತ್ತು. ಹಳೆ ಎಲೆಯ ಚುಕ್ಕೆ ಹಾಗೇ ಇತ್ತು. ಅದು ಹೋಗುವುದಿಲ್ಲ, ಹೊಸ ಎಲೆಯನ್ನೇ ನೋಡಬೇಕು. ಹೊಡೆಯದ ಪಟ್ಟಿಯೂ ಸ್ವಲ್ಪ ಚೇತರಿಸಿಕೊಂಡಿತ್ತು! ಅದು ನೀರು ಹೊರಗೆ ಬಿಟ್ಟದ್ದರ ಫಲ. ಪಟ್ಟಿ ಬಿಡದೆ ಇದ್ದಿದ್ದರೆ ಆ ಯಶಸ್ಸನ್ನೂ ಜಿಂಕ್ ಖಾತೆಗೇ ಬರೆಯುತ್ತಿದ್ದೆ. ಹತ್ತು ದಿನ ಬಿಟ್ಟು ಎರಡನೇ ಸಲ ಹೊಡೆದ ಮೇಲೆ ವ್ಯತ್ಯಾಸ ಎದ್ದು ಕಂಡಿತು. ಹೊಡೆದ ಕಡೆ ತೆಂಡೆ ಒತ್ತಾಗಿ ಬಂತು. ಪಟ್ಟಿಯಲ್ಲಿ ಬುಡ ತೆಳ್ಳಗೆ, ಬೆಳವಣಿಗೆ ಹಿಂದೆ. ಮುಂದೆ ತೆನೆ ಬರುವುದೂ ಅಲ್ಲಿ ತಡವಾಯಿತು. ಸತು ಕೊರತೆಯ ಬೆಳೆ ಎಷ್ಟೋ ಸಲ ತಾನೇ ಚೇತರಿಸುತ್ತದೆ, ಆದರೆ ಹಿಂದೆ ಬೀಳುತ್ತದೆ. ಒಂದೇ ಗದ್ದೆಯಲ್ಲಿ ಅರ್ಧ ಬಲಿತು, ಅರ್ಧ ಹಸಿರಿದ್ದರೆ ಕೊಯ್ಲು ಯಂತ್ರ ತರುವುದು ಯಾವಾಗ?

ಹೊಡೆ ಹಂತದಲ್ಲಿ

ಹೊಡೆ ತುಂಬುವಾಗ, ತೆನೆ ಇನ್ನೂ ಎಲೆಯ ಕವಚದೊಳಗೆ ಇರುವಾಗ, 13:0:45, ಅಂದರೆ ಪೊಟ್ಯಾಸಿಯಂ ನೈಟ್ರೇಟ್, 1% ದ್ರಾವಣ ಹೊಡೆದೆ. ಟ್ಯಾಂಕಿಗೆ 160 ಗ್ರಾಂ, ಎಕರೆಗೆ 2 ಕೆಜಿ. ಪೊಟ್ಯಾಷ್ ಲೆಕ್ಕದಲ್ಲಿ ಇದು 900 ಗ್ರಾಂ ಅಷ್ಟೇ. ನಮ್ಮ ಅಚ್ಚುಕಟ್ಟಿನ ಶಿಫಾರಸು ಎಕರೆಗೆ 30 ಕೆಜಿ. ಹಾಗಾಗಿ ಮಣ್ಣಿಗೆ ಹಾಕಬೇಕಾದ ಪೊಟ್ಯಾಷ್ ಬಿಟ್ಟು ಇದನ್ನು ಹೊಡೆದರೆ ಪ್ರಯೋಜನ ಇಲ್ಲ. ಹೂವಾದ ಮೇಲೆ ಬೇರು ಹೀರುವುದು ಕಮ್ಮಿಯಾಗುತ್ತದೆ, ಕಾಳು ತುಂಬುವುದು ಮೇಲಿನ ಎರಡು ಮೂರು ಎಲೆಗಳಿಂದ. ಆ ಎಲೆಗಳನ್ನು ಹಸಿರಾಗಿ ಉಳಿಸಲು ಇದು ಸಣ್ಣ ಆಸರೆ.

ಈ ಹಂತದಲ್ಲಿ ಯೂರಿಯಾ ಹೊಡೆಯಲು ನಾನು ಒಪ್ಪುವುದಿಲ್ಲ. ಬಿಪಿಟಿಗೆ ಬೆಂಕಿ ರೋಗ ಬೇಗ ತಗಲುತ್ತದೆ, ಕಂದು ಜಿಗಿಹುಳು ನಮ್ಮ ಭಾಗದ ಹಳೆ ಶತ್ರು. ತಡವಾಗಿ ಬಂದ ಸಾರಜನಕ ಎರಡಕ್ಕೂ ಊಟ. ಹೂ ಬಿಡುವ ದಿನಗಳಲ್ಲಿ ಬೆಳಗಿನ ಹೊತ್ತು ಏನನ್ನೂ ಹೊಡೆಯಬಾರದು. ಭತ್ತದ ಹೂ ತೆರೆಯುವುದು ಒಂಬತ್ತರಿಂದ ಮಧ್ಯಾಹ್ನದ ಒಳಗೆ. ಆಗ ನೀರು ಬಿದ್ದರೆ ಪರಾಗ ಕೆಟ್ಟು ಜೊಳ್ಳು ಜಾಸ್ತಿಯಾಗುತ್ತದೆ.

ಎಲೆಗೆ ಹೊಡೆಯುವ ದ್ರವ ಗೊಬ್ಬರ ನ್ಯಾನೋ ಯೂರಿಯಾ ಬಗ್ಗೆ ಪಕ್ಕದ ಗದ್ದೆಯವರು ಕೇಳಿದರು. ಬಾಟಲಿ ತಿರುಗಿಸಿ ಓದಿದೆವು. 2021ರಲ್ಲಿ ಮೊದಲು ಬಂದ ಬಾಟಲಿ 500 ಮಿಲಿ, ಸಾರಜನಕ 4%. ಅಂದರೆ 20 ಗ್ರಾಂ. 45 ಕೆಜಿ ಯೂರಿಯಾ ಚೀಲದಲ್ಲಿ ಇರುವುದು 20 ಕೆಜಿಗೂ ಜಾಸ್ತಿ. ಮೇಲುಗೊಬ್ಬರದ ಒಂದು ಚೀಲ ಬಿಟ್ಟು ಬಾಟಲಿ ನಂಬುವಷ್ಟು ಧೈರ್ಯ ನನಗಿಲ್ಲ, ಅವರಿಗೂ ಹಾಗೇ ಹೇಳಿದೆ.

ಡ್ರೋನ್ ಈಗ ಹಳ್ಳಿಗೂ ಬಂದಿದೆ. ಅದು ಎಕರೆಗೆ ಹೊಡೆಯುವುದು ಸುಮಾರು ಹತ್ತು ಲೀಟರ್. ಒಂದು ಕೆಜಿ ಜಿಂಕ್ ಸಲ್ಫೇಟ್ ಹತ್ತು ಲೀಟರಿಗೆ ಹಾಕಿದರೆ 10% ಆಗುತ್ತದೆ. ಕೀಟನಾಶಕಕ್ಕೆ ಡ್ರೋನ್ ಚೆನ್ನ. ಈ ಉಪ್ಪಿಗೆ ನಾನು ಬೆನ್ನ ಮೇಲಿನ ಟ್ಯಾಂಕನ್ನೇ ಹೊರುತ್ತೇನೆ.

ಎಲೆಗೆ ಹೊಡೆದದ್ದು ಈ ಬೆಳೆಗೆ ಮಾತ್ರ. ಮಣ್ಣು ಹಾಗೇ ಇದೆ. ಕೊಯ್ಲಾದ ಮೇಲೆ ಎತ್ತರದ ಕಡೆಯಿಂದ ಒಂದು, ಕೆರೆದ ಮೂಲೆಯಿಂದ ಒಂದು ಅಂತ ಮಣ್ಣಿನ ಎರಡು ಮಾದರಿ ಬೇರೆ ಬೇರೆ ಕೊಟ್ಟು ಪರೀಕ್ಷೆ ಮಾಡಿಸಬೇಕು. ಸತು 0.6 ಪಿಪಿಎಂಗಿಂತ ಕಮ್ಮಿ ಇದ್ದರೆ ಕೊರತೆ ಎಂದೇ ಲೆಕ್ಕ. ಮುಂದಿನ ಸಲ ಕೆಸರು ಮಾಡುವಾಗ ಎಕರೆಗೆ 10 ಕೆಜಿ ಜಿಂಕ್ ಸಲ್ಫೇಟ್ ಮಣ್ಣಿಗೆ ಹೋಗಬೇಕು, ಡಿಎಪಿ ಜೊತೆ ಬೆರೆಸದೆ, ಬೇರೆ ದಿನ. ಆ ಮೂಲೆಗೆ ಅದಕ್ಕೂ ಮುಂಚೆ ಹಸಿರೆಲೆ ಗೊಬ್ಬರಕ್ಕೆ ಡೈಂಚಾ ಬಿತ್ತಿ ಹೂ ಬರುವ ಮೊದಲೇ ಉತ್ತು ಬಿಡುವುದು. ಬೀಜ ಈಗಲೇ ಹೇಳಿಟ್ಟಿದ್ದೇನೆ, ಬೇಸಿಗೆಯಲ್ಲಿ ಸಿಗುವುದು ಕಷ್ಟ.